ಸೋಲಿಗೆ ಅರ್ಥ ಕೊಡುವವರು: ಮಕ್ಕಳ ಕ್ರೀಡೆಯಲ್ಲಿ ಪೋಷಕರ ಪಾತ್ರ ಮತ್ತು ಕೊಡವ ಕೌಟುಂಬಿಕ ಹಾಕಿ

ಪೀಠಿಕೆ

ಮಕ್ಕಳ ಕ್ರೀಡೆಗೆ ಪೋಷಕರು ಕೊಡುವ ಬೆಂಬಲವನ್ನು ನಾವು ಸಾಮಾನ್ಯವಾಗಿ ಖರ್ಚು ಮತ್ತು ಓಡಾಟದ ಲೆಕ್ಕದಲ್ಲಿ ಅಳೆಯುತ್ತೇವೆ: ತರಬೇತಿಯ ಶುಲ್ಕ, ಬೂಟು, ಬ್ಯಾಟು, ನಸುಕಿನಲ್ಲೇ ಎದ್ದು ಮೈದಾನಕ್ಕೆ ಬಿಟ್ಟು ಬರುವ ಶ್ರಮ. ಇವೆಲ್ಲ ಬೇಕೇ ಬೇಕು. ಆದರೆ ಆಟದೊಂದಿಗಿನ ಮಗುವಿನ ನಂಟು ಉಳಿಯಬೇಕಾದರೆ ಸೋತ ದಿನ ಮನೆಯವರು ನಡೆದುಕೊಳ್ಳುವ ರೀತಿಯೂ ಅಷ್ಟೇ ಮುಖ್ಯ ಎಂಬುದು ಈ ಲೇಖನದ ವಾದ. ಕ್ರೀಡಾ ಮನೋವಿಜ್ಞಾನದ ಮೂರು ಬರಹಗಳನ್ನೂ ಕೊಡಗಿನ ಕೌಟುಂಬಿಕ ಹಾಕಿ ಉತ್ಸವವನ್ನೂ ಜೊತೆಗಿಟ್ಟು ಇದನ್ನು ಪರಿಶೀಲಿಸಲಾಗಿದೆ.

ಸೈದ್ಧಾಂತಿಕ ನೆಲೆ

ಜೆನ್ನಿಫರ್ ಫ್ರೆಡ್ರಿಕ್ಸ್ ಮತ್ತು ಜಾಕ್ವೆಲಿನ್ ಎಕ್ಲ್ಸ್ 2004ರಲ್ಲಿ ಪೋಷಕರ ಮೂರು ಪಾತ್ರಗಳನ್ನು ಗುರುತಿಸಿದರು: ಅವಕಾಶ ಒದಗಿಸುವುದು, ತಾವೇ ಮಾದರಿಯಾಗುವುದು, ಮಗುವಿನ ಕ್ರೀಡಾನುಭವವನ್ನು ಅರ್ಥೈಸುವುದು. ಮೊದಲಿನೆರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಮಾತಿನಲ್ಲಿ, ಮುಖಭಾವದಲ್ಲಿ, ಕೆಲವೊಮ್ಮೆ ಮೌನದಲ್ಲಿ ನಡೆಯುತ್ತದೆ. ‘ನಿನ್ನ ಕೈಲಾಗದು’ ಎಂಬುದೂ ‘ಕೊನೆಯವರೆಗೂ ಓಡಿದೆಯಲ್ಲ’ ಎಂಬುದೂ ಒಂದೇ ಸೋಲಿನ ಎರಡು ವ್ಯಾಖ್ಯಾನಗಳು. ತನ್ನ ಸಾಮರ್ಥ್ಯದ ಬಗ್ಗೆ ಮಗು ಕಟ್ಟಿಕೊಳ್ಳುವ ನಂಬಿಕೆಗೆ ಇಂಥ ಮಾತುಗಳೇ ತಳಪಾಯ.

ಕೆನಡಾದ ಜಾನ್ ಕೋಟೆ 1999ರ ಅಧ್ಯಯನದಲ್ಲಿ ಈ ಹೊಣೆ ವಯಸ್ಸಿನೊಂದಿಗೆ ಬದಲಾಗುವುದನ್ನು ತೋರಿಸಿದರು. ಸುಮಾರು 6ರಿಂದ 13ರವರೆಗೆ ಮಗು ಹಲವು ಆಟಗಳ ರುಚಿ ನೋಡುವ ಕಾಲ. ಆಗ ಪೋಷಕರು ಮುಂದೆ ನಿಂತು ದಾರಿ ತೋರುತ್ತಾರೆ. ಆಮೇಲೆ ಮಗು ಒಂದೆರಡು ಆಟಗಳನ್ನು ಆರಿಸಿಕೊಂಡು ಗಂಭೀರವಾಗಿ ತೊಡಗಿದಂತೆಲ್ಲ ಅವರು ಹಿಂದೆ ಸರಿದು ಬೆನ್ನಿಗೆ ನಿಲ್ಲುತ್ತಾರೆ.

ಮಕ್ಕಳ ಅಪೇಕ್ಷೆಯೇನು? ಕಾಮಿಲ್ಲಾ ನೈಟ್ ಮತ್ತು ಸಂಗಡಿಗರು 2010ರಲ್ಲಿ ಕಿರಿಯ ಟೆನಿಸ್ ಆಟಗಾರರನ್ನು ಇದನ್ನೇ ಕೇಳಿದರು. ಆಟದ ತಂತ್ರ ಹೇಳಿಕೊಡುವುದು ಬೇಡ, ಫಲಿತಾಂಶಕ್ಕಿಂತ ನಮ್ಮ ಪ್ರಯತ್ನ ಮತ್ತು ನಡವಳಿಕೆಯ ಬಗ್ಗೆ ಮಾತಾಡಲಿ, ಬಾಯಲ್ಲಿ ಹೊಗಳಿಕೆ, ಮುಖದಲ್ಲಿ ಸಿಡುಕು ಎಂದಾಗಬಾರದು ಎಂಬುದು ಅವರ ಉತ್ತರದ ತಿರುಳು.

ಕೊಡಗಿನ ನಿದರ್ಶನ

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳುತನದಲ್ಲಿ 60 ತಂಡಗಳೊಂದಿಗೆ ಕೊಡವ ಕೌಟುಂಬಿಕ ಹಾಕಿ ಉತ್ಸವ ಆರಂಭವಾಯಿತು. ಪ್ರತಿ ಸಲವೂ ಬೇರೊಂದು ಕುಟುಂಬ ಆತಿಥ್ಯ ವಹಿಸುತ್ತದೆ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದ ಉತ್ಸವದಲ್ಲಿ 360 ತಂಡಗಳು ಪಾಲ್ಗೊಂಡವು. ತಂಡಕ್ಕೆ ಮನೆತನದ ಹೆಸರು. ಹಿರಿಯರು, ಹೆಂಗಸರು, ಮಕ್ಕಳು ಒಟ್ಟಿಗೇ ಆಡಬಹುದು.

ಇಲ್ಲಿ ಮೇಲಿನ ಮೂರು ಪಾತ್ರಗಳೂ ಮೈದಾನದ ಒಳಗೇ ಕೂಡಿಬರುತ್ತವೆ. ಶಾಲಾ ಬಾಲಕಿಯ ಹಿಂದೆ ಆಕೆಯ ಅಪ್ಪನೇ ಬ್ಯಾಕ್ ಆಗಿ ನಿಂತಿರಬಹುದು. ಆತನ ಸ್ಟಿಕ್ಕಿಗೆ ತಪ್ಪಿದ ಚೆಂಡೇ ಗೋಲಾಗಬಹುದು. ತಪ್ಪು ಮಾಡಿದ ದೊಡ್ಡವರು ಬೆವರು ಒರೆಸಿಕೊಂಡು ಮತ್ತೆ ಆಟಕ್ಕೆ ಮರಳುವುದನ್ನು ಆ ಹುಡುಗಿ ಕಣ್ಣಾರೆ ಕಾಣುತ್ತಾಳೆ. ಪಂದ್ಯಾವಳಿ ನಾಕೌಟ್ ಮಾದರಿಯದು: ಪ್ರಶಸ್ತಿ ಒಂದೇ ಕುಟುಂಬಕ್ಕೆ, ಉಳಿದವರೆಲ್ಲ ಸೋತೇ ಮನೆಗೆ ಮರಳುತ್ತಾರೆ. ಹೀಗಿದ್ದೂ 2024ರ ಹೊತ್ತಿಗೆ ತಂಡಗಳ ಸಂಖ್ಯೆ 60ರಿಂದ 360ಕ್ಕೆ ಏರಿತ್ತು. ಸೋಲು ಇಲ್ಲಿ ಇಡೀ ಮನೆತನ ಹಂಚಿಕೊಳ್ಳುವ ಅನುಭವ. ಅದು ಮಗುವೊಂದರ ತಲೆಯ ಮೇಲೆ ಬೀಳುವುದಿಲ್ಲ.

ಮಿತಿಗಳು

ಕೊಡಗಿನ ಹಾಕಿ ಸಾಧನೆಗೆ ಉತ್ಸವವೇ ಕಾರಣ ಎನ್ನಲಾಗದು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಇಬ್ಬರೂ ಉತ್ಸವಕ್ಕಿಂತ ಹಿಂದಿನವರು. ಒಂದು ಸಮುದಾಯದ ನೆಂಟಸ್ತನದ ಬಲವನ್ನು ನಗರದ ಪುಟ್ಟ ಸಂಸಾರದಲ್ಲಿ ಹಾಗೆಯೇ ನಿರೀಕ್ಷಿಸುವುದೂ ಸರಿಯಲ್ಲ. ಎರವಲು ಪಡೆಯಬಹುದಾದದ್ದು ಅಲ್ಲಿನ ಮನೋಭಾವವನ್ನು.

ಉಪಸಂಹಾರ

ಇದರಿಂದ ಮೂರು ಸಲಹೆಗಳು ಹೊರಡುತ್ತವೆ. ಪ್ರಾಥಮಿಕ ಶಾಲೆಯ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕಬಾರದು. ವಾರಕ್ಕೊಮ್ಮೆಯಾದರೂ ಪೋಷಕರು ಮಗುವಿನೊಂದಿಗೆ ತಾವೇ ಆಡಬೇಕು, ಸೋಲಬೇಕು. ಪಂದ್ಯ ಮುಗಿಸಿ ಬರುವ ದಾರಿಯಲ್ಲಿ ಮೊದಲ ಮಾತನ್ನು ಮಗುವಿಗೇ ಬಿಡಬೇಕು. ತಿದ್ದುವ ಕೆಲಸ ತರಬೇತುದಾರರದು. ಹತ್ತನೆಯ ತರಗತಿ ಬಂತೆಂದು ಆಟ ಬಿಡಿಸುವ ಮನೆಗಳಿಗೂ ಇದು ಅನ್ವಯಿಸುತ್ತದೆ: ಪರೀಕ್ಷೆಯಲ್ಲೂ ಬದುಕಿನಲ್ಲೂ ಎದುರಾಗುವ ಹಿನ್ನಡೆಯನ್ನು ತಾಳಿಕೊಳ್ಳುವ ಅಭ್ಯಾಸವನ್ನು ಮಗು ಮೈದಾನದಲ್ಲೇ ಮಾಡುತ್ತಿರುತ್ತದೆ. ಆ ಅಭ್ಯಾಸ ಅತ್ಯಂತ ಬೇಕಾದ ವರ್ಷದಲ್ಲೇ ಅದನ್ನು ಕಸಿದುಕೊಳ್ಳಬಾರದು.