ಜಗಳವೂ ನ್ಯಾಯ, ತೀರ್ಪೂ ನ್ಯಾಯ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ‘ನ್ಯಾಯ’ ಎಂದರೆ ಮೊದಲು ಜಗಳ, ಆಮೇಲೆ ತೀರ್ಪು. ‘ಅಣ್ಣತಮ್ಮಂದಿರಿಗೆ ತೋಟದ ಬದುವಿನ ಮೇಲೆ ನ್ಯಾಯ ಬಿದ್ದೈತೆ’ ಎಂದರೆ ಮನೆಯಲ್ಲಿ ಮಾತು ಮುರಿದಿದೆ ಎಂದು ತಿಳಿಯಬೇಕು. ‘ನ್ಯಾಯಕ್ಕೆ ಕೂತವ್ರೆ’ ಎಂದರೆ ಹಿರಿಯರು ಅರಳಿಕಟ್ಟೆಯ ಮೇಲೆ ಸೇರಿದ್ದಾರೆ. ‘ನ್ಯಾಯ ಬಗೆಹರೀತು’ ಎಂದರೆ ಎರಡೂ ಕಡೆಯವರು ಒಪ್ಪಿ ಎದ್ದಿದ್ದಾರೆ. ವಯಸ್ಸಿನ ಹುಡುಗ ತೀರಿಕೊಂಡರೆ ‘ಅನ್ಯಾಯವಾಗಿ ಹೋಗ್ಬಿಟ್ಟ’ ಎಂದು ಅಳುತ್ತಾರೆ. ಯಾರೂ ತಪ್ಪು ಮಾಡಿರುವುದಿಲ್ಲ, ಆಗಬಾರದ್ದು ಆಗಿಹೋಗಿರುತ್ತದೆ. ‘ನ್ಯಾಯವಾಗಿ ನಾನೇ ಬರಬೇಕಿತ್ತು’ ಎನ್ನುವವರ ಬಾಯಲ್ಲಿ ಅದೇ ಪದ ನಡವಳಿಕೆಯ ಅಳತೆಗೋಲು.

ಈ ಬಳಕೆಗಳು ಅಡ್ಡಾದಿಡ್ಡಿ ಹುಟ್ಟಿದವಲ್ಲ ಎಂಬುದು ಪಾಣಿನಿಯನ್ನು ನೋಡಿದರೆ ಗೊತ್ತಾಗುತ್ತದೆ. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದ 37ನೆಯ ಸೂತ್ರ ಎರಡು ಪದಗಳನ್ನು ಒಟ್ಟಿಗೆ ಸಾಧಿಸುತ್ತದೆ. ಒಂದು, ಪಗಡೆಯಾಟದಲ್ಲಿ ಕಾಯಿ ನಡೆಸುವುದಕ್ಕೆ ‘ಪರಿಣಾಯ’. ಇನ್ನೊಂದು, ನಡೆಯಬೇಕಾದ ರೀತಿಯಿಂದ ಜಾರದೆ ಇರುವುದಕ್ಕೆ ‘ನ್ಯಾಯ’. ‘ನಿ’ ಎಂಬ ಉಪಸರ್ಗ, ಹೋಗು ಎಂಬ ಅರ್ಥದ ‘ಇ’ ಧಾತು, ಇವೆರಡು ಕೂಡಿ ಆದ ಪದ ಇದು. ಕೋರ್ಟು, ಪೀಠ, ತೀರ್ಪು ಯಾವುದೂ ಅದರ ಹುಟ್ಟಿನಲ್ಲಿಲ್ಲ, ಇರುವುದು ದಾರಿ ಮಾತ್ರ. ಹಳ್ಳಿಯ ‘ನ್ಯಾಯವಾಗಿ’ ಆ ಹಳೆಯ ಅರ್ಥವನ್ನು ಇವತ್ತಿಗೂ ಹಿಡಿದುಕೊಂಡಿದೆ.

ಮುಂದೆ ಅಕ್ಷಪಾದ ಗೌತಮನ ಸೂತ್ರಗಳ ಕಾಲಕ್ಕೆ ನ್ಯಾಯ ಒಂದು ದರ್ಶನದ ಹೆಸರಾಯಿತು. ವಾದ ಹೂಡುವ, ಪ್ರಮಾಣ ಒದಗಿಸುವ, ಹೇತುವಿನ ದೋಷ ಹುಡುಕುವ ಶಾಸ್ತ್ರ ಅದು. ಲೋಕದ ಅನುಭವವನ್ನು ಸೂತ್ರವಾಗಿ ಹೇಳುವ ಮಾತುಗಳೂ ನ್ಯಾಯಗಳೆನಿಸಿದವು: ಕಾಕತಾಲೀಯ ನ್ಯಾಯ, ಸ್ಥಾಲೀಪುಲಾಕ ನ್ಯಾಯ, ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯ. ಗಮನಿಸಿ, ಮತ್ಸ್ಯನ್ಯಾಯದಲ್ಲಿ ಇವತ್ತಿನ ಅರ್ಥದ ನ್ಯಾಯ ಎಳ್ಳಷ್ಟೂ ಇಲ್ಲ.

ಹಾಗಾದರೆ ಧರ್ಮಶಾಸ್ತ್ರಕಾರರು ಮೊಕದ್ದಮೆಯನ್ನು ಏನೆನ್ನುತ್ತಿದ್ದರು? ‘ವ್ಯವಹಾರ’ ಎನ್ನುತ್ತಿದ್ದರು. ವಿಚಾರಣೆ ನಡೆಸುವವನು ‘ಪ್ರಾಡ್ವಿವಾಕ’, ಅಂದರೆ ಕೇಳುವವನೂ ವಿವೇಚಿಸುವವನೂ ಆದವನು. ಕಾಲ ಕಳೆದಂತೆ ವ್ಯವಹಾರ ಅಂಗಡಿಗೆ ಹೋಯಿತು, ನ್ಯಾಯ ಕಟಕಟೆಗೆ ಬಂತು, ಪ್ರಾಡ್ವಿವಾಕ ನಿಘಂಟಿನಲ್ಲೇ ಉಳಿದ. ಆದರೆ ಆ ಶಾಸ್ತ್ರಪರಂಪರೆಯ ಒಂದು ಗ್ರಂಥ ಮಾತ್ರ ಕೋರ್ಟು ಬಿಟ್ಟು ಹೋಗಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ, ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯ ಪಾಲಿಗೆ ಇವತ್ತಿಗೂ ತಳಹದಿ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂದದ್ದು ಅದು. ಮಗಳಿಗೂ ಅದೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, 2005ರಲ್ಲಿ ಕೇಂದ್ರದ ಕಾನೂನೂ ಹಾಗೆ ಬದಲಾಯಿತು. ಕುಣಿಗಲ್ಲಿನಲ್ಲಿ ಹೆಣ್ಣುಮಗಳೊಬ್ಬಳು ತೆಂಗಿನ ತೋಟದ ಪಾಲು ಕೇಳಿ ದಾವೆ ಹಾಕಿದಾಗ, ಅವಳ ಅರ್ಜಿಯ ಹಿಂದೆ ಒಂಬೈನೂರು ವರ್ಷದ ಒಂದು ವಾದವೂ ಅದಕ್ಕೆ ನಮ್ಮ ಕಾಲ ಮಾಡಿದ ತಿದ್ದುಪಡಿಯೂ ನಿಂತಿರುತ್ತವೆ.

ತುಮಕೂರು ಸೀಮೆಯ ಕಚೇರಿಮಾತಿಗೆ ಫಾರಸಿ ಸೇರಿದ ಬಗೆ ಇನ್ನೂ ಸ್ವಾರಸ್ಯ. 1687ರಲ್ಲಿ ಮೊಗಲರು ಶಿರಾವನ್ನು ಹಿಡಿದು ಒಂದು ಸುಬಾದ ಕೇಂದ್ರವಾಗಿ ಮಾಡಿಕೊಂಡರು. ಕಸಬಾ, ತಕರಾರು, ವಾಯಿದೆ, ಜುಲ್ಮಾನೆ, ಹದ್ದುಬಸ್ತು ಇವೆಲ್ಲ ಅರಬ್ಬೀ ಫಾರಸಿಯಿಂದ ಬಂದು ರೈತರ ಮಾತಾಗಿ ಬೇರೂರಿದ ಪದಗಳು. ಜಮೀನಿನ ಮೇರೆ ಗುರುತಿಸಿಕೊಡಿ ಎಂದು ಸರ್ವೆಗೆ ಅರ್ಜಿ ಕೊಡುವ ರೈತ ‘ಹದ್ದುಬಸ್ತು ಮಾಡಿಸ್ಬೇಕು’ ಎನ್ನುತ್ತಾನೆ, ಬೇರೆ ಪದ ಅವನಿಗೆ ಬೇಕಾಗಿಲ್ಲ. ಖಾಜಿಯೂ ನಮ್ಮ ನ್ಯಾಯದ ಜೊತೆ ಸೇರಿ ‘ಖಾಜಿ ನ್ಯಾಯ’ ಎಂಬ ನುಡಿಗಟ್ಟಾಯಿತು. ಶಾಸ್ತ್ರ ಬದಿಗಿಟ್ಟು, ಇಬ್ಬರಿಗೂ ಅಷ್ಟಷ್ಟು ಒಪ್ಪಿಸಿ, ಜಗಳ ಮುಗಿಸುವ ರಾಜಿಗೆ ಆ ಹೆಸರು.

ಆ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಮುನ್ಸೀಫ’. ಅರಬ್ಬಿಯಲ್ಲಿ ‘ನಿಸ್ಫ್’ ಎಂದರೆ ಅರ್ಧ. ಸಮವಾಗಿ ಅರ್ಧ ಮಾಡುವುದು ‘ಇನ್ಸಾಫ್’, ಅದನ್ನು ಮಾಡುವವನು ‘ಮುನ್ಸಿಫ್’. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಸಣ್ಣ ಸಿವಿಲ್ ದಾವೆಗಳಿಗೆ ದೇಶೀಯರನ್ನು ನೇಮಿಸಿದಾಗ ಕೊಟ್ಟ ಹೆಸರೂ ಅದೇ. ಮೈಸೂರಿಗೆ ಅದು ಕಮಿಷನರುಗಳ ಆಳ್ವಿಕೆಯಲ್ಲಿ ಬಂತು. ಆ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿದ್ದ ಡಾಬ್ಸ್ ತುಮಕೂರಿನಲ್ಲಿ ಕೂತು ಆಡಳಿತವನ್ನೂ ವಿಚಾರಣೆಯನ್ನೂ ನಡೆಸುತ್ತಿದ್ದ. ಬೆಂಗಳೂರು ದಾರಿಯ ಡಾಬಸ್‌ಪೇಟೆಗೆ ಅವನದೇ ಹೆಸರು. ತಾಲ್ಲೂಕಿನಲ್ಲಿ ಕಂದಾಯ ವಸೂಲು ಮಾಡುವ ಅಮಲ್ದಾರನೇ ದಾವೆಗಳನ್ನೂ ಕೇಳುತ್ತಿದ್ದ. ಸಿವಿಲ್ ದಾವೆಗಳು ಅಮಲ್ದಾರನ ಕೈಬಿಟ್ಟು ಮುನ್ಸೀಫನ ಕೈಗೆ ಪೂರ್ತಿಯಾಗಿ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಕಂದಾಯ ಕೇಳುವವನ ಮುಂದೆಯೇ ಜಮೀನಿನ ಹಕ್ಕು ಸಾಧಿಸಬೇಕಾದ ಕಷ್ಟ ರೈತನಿಗೆ ಅಲ್ಲಿಗೆ ತಪ್ಪಿತು.

ಈಗ ಆ ಹುದ್ದೆಗೆ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶ ಎಂಬ ಹೆಸರಿದೆ. ಹಳಬರು ಮಾತ್ರ ಇನ್ನೂ ‘ಮುನ್ಸೀಪ್ ಕೋರ್ಟು’ ಎನ್ನುವುದನ್ನು ಬಿಟ್ಟಿಲ್ಲ.

ಮೇಲಿನ ನ್ಯಾಯಾಲಯದ ಹೆಸರೂ ಬದಲಾಗುತ್ತ ಬಂದಿದೆ. 1884ರಲ್ಲಿ ಮೈಸೂರಿನ ಚೀಫ್ ಕೋರ್ಟ್ ಆಯಿತು, 1930ರಲ್ಲಿ ಅದೇ ಹೈಕೋರ್ಟ್ ಎನಿಸಿತು, 1973ರಲ್ಲಿ ರಾಜ್ಯದ ಹೆಸರಿನೊಡನೆ ಕರ್ನಾಟಕ ಹೈಕೋರ್ಟ್ ಆಯಿತು. ಅದು ಕೂತಿರುವ ಕೆಂಪು ಕಟ್ಟಡ 1860ರ ದಶಕದಲ್ಲಿ ಕಟ್ಟಿದ ಅಠಾರಾ ಕಚೇರಿ, ಸರ್ಕಾರದ ಹದಿನೆಂಟು ಇಲಾಖೆಗಳ ಮನೆ. ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿರುವವರು ‘ನ್ಯಾಯಾಧೀಶ’, ಅಠಾರಾ ಕಚೇರಿಯಲ್ಲಿರುವವರು ‘ನ್ಯಾಯಮೂರ್ತಿ’. ಒಬ್ಬರು ನ್ಯಾಯದ ಒಡೆಯ, ಇನ್ನೊಬ್ಬರು ನ್ಯಾಯವೇ ಮೈವೆತ್ತವರು. ಮರಾಠಿಯವರು ಬೊಂಬಾಯಿ ಹೈಕೋರ್ಟಿನ ರಾನಡೆ ಅವರನ್ನು ನ್ಯಾಯಮೂರ್ತಿ ಎಂದೇ ಕರೆದರು. ಹತ್ತು ವರ್ಷ ವಕೀಲಿ ಮಾಡಿದವರು ಅಥವಾ ಅಷ್ಟು ಕಾಲ ನ್ಯಾಯಾಂಗದ ಹುದ್ದೆಯಲ್ಲಿದ್ದವರು ಆ ಪೀಠಕ್ಕೆ ಅರ್ಹರು, 62ಕ್ಕೆ ಇಳಿಯಬೇಕು ಎನ್ನುತ್ತದೆ ಸಂವಿಧಾನ. ಮೂರ್ತಿಯಾಗಿರುವುದಕ್ಕೂ ಅವಧಿ ಇದೆ, ಅದು ಒಳ್ಳೆಯದೇ.

ಆ ಹೆಸರಿಗೆ ತಕ್ಕ ಬಾಳು ಯಾವುದು ಎಂದು ಕೇಳಿದರೆ ನಾನು ನಿಟ್ಟೂರು ಶ್ರೀನಿವಾಸರಾಯರನ್ನು ನೆನೆಯುತ್ತೇನೆ. 1903ರಲ್ಲಿ ಹುಟ್ಟಿದ ಅವರು ವಕೀಲರು, ಗಾಂಧಿಯವರನ್ನು ನಂಬಿದವರು. 1960ರ ದಶಕದ ಆರಂಭದಲ್ಲಿ ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. 1964ರಲ್ಲಿ ಕೇಂದ್ರ ಜಾಗೃತ ಆಯೋಗ ಹುಟ್ಟಿದಾಗ ಅದರ ಮೊದಲ ಆಯುಕ್ತರಾದರು. ನೂರು ವರ್ಷ ದಾಟಿ 2004ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಸತ್ಯಶೋಧನ ಪುಸ್ತಕ ಭಂಡಾರವನ್ನು ಕಟ್ಟಿ ಶಿವರಾಮ ಕಾರಂತರ ಬರಹವನ್ನು ಕನ್ನಡಿಗರ ಕೈಗೆ ಕೊಟ್ಟವರೂ ಅವರೇ. ಕಾನೂನಿನಷ್ಟೇ ಕನ್ನಡವೂ ಅವರ ಕೆಲಸವಾಗಿತ್ತು ಎಂಬುದು ನನಗೆ ಮುಖ್ಯ.

ಏಕೆಂದರೆ ನ್ಯಾಯ ಎಂಬ ಪದ ಇಷ್ಟು ದೂರ ನಡೆದು ಬಂದಿದ್ದರೂ ಹೈಕೋರ್ಟಿನ ತೀರ್ಪಿನ ಭಾಷೆಯಲ್ಲಿ ಅದಕ್ಕೆ ಇನ್ನೂ ಖಾಯಂ ಜಾಗ ಸಿಕ್ಕಿಲ್ಲ. ಸಂವಿಧಾನದ 348ನೆಯ ವಿಧಿ ಹೈಕೋರ್ಟಿನಲ್ಲಿ ಇಂಗ್ಲಿಷನ್ನು ಉಳಿಸಿದೆ. ರಾಷ್ಟ್ರಪತಿಯ ಒಪ್ಪಿಗೆ ಪಡೆದು ಕಲಾಪಕ್ಕೆ ರಾಜ್ಯದ ಭಾಷೆ ತರಬಹುದು ಎಂದೂ ಅದೇ ವಿಧಿ ಹೇಳುತ್ತದೆ. ಉತ್ತರಪ್ರದೇಶ, ರಾಜಸ್ಥಾನ, ಮಧ್ಯಪ್ರದೇಶ, ಬಿಹಾರಗಳು ಆ ದಾರಿಯಲ್ಲಿ ಹಿಂದಿಯನ್ನು ತಂದುಕೊಂಡವು. ನಮ್ಮಲ್ಲಿ ಅರಳಿ ನಾಗರಾಜ ಅವರು ಹೈಕೋರ್ಟ್ ಪೀಠದಿಂದ ಕನ್ನಡದಲ್ಲಿ ತೀರ್ಪು ಬರೆದರು. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಓದಿತು.

ಗುಬ್ಬಿ, ಕುಣಿಗಲ್, ತುಮಕೂರಿನ ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಕಾನೂನಿನ ಅಡ್ಡಿಯೇ ಇಲ್ಲ. ಅಲ್ಲಿಯ ವಕೀಲರು ವಾದಪತ್ರವನ್ನೂ ನ್ಯಾಯಾಧೀಶರು ಆದೇಶವನ್ನೂ ಕನ್ನಡದಲ್ಲೇ ಬರೆಯಲಿ. ಸೋತವರೂ ತಾವು ಏಕೆ ಸೋತೆವು ಎಂದು ಓದಿ ತಿಳಿಯುವಂತಿರಲಿ.