ಪಾಳಿ ಹಿಡಿದು ಕುಂತವರು

1961ರಲ್ಲಿ ಅಮೆರಿಕದ ಎಂಐಟಿಯೊಳಗ ಫರ್ನಾಂಡೊ ಕೊರ್ಬಾಟೊ ಮತ್ತವರ ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಕೂಡಿ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆ ತೋರಿಸಿದರು. ನಮ್ಮ ಜತ್ತ ಸೀಮೆಯ ಪಾಲಿನ ಬಾವಿಗೆ ಪಾಳಿ ಇದ್ದಂಗ, ಯಂತ್ರ ಒಬ್ಬೊಬ್ಬರಿಗೂ ಚೂರುಚೂರು ಹೊತ್ತು ಹಂಚುತ್ತಿತ್ತು. ಆದರ ಜಾಗ ಹಿಡಿದು ಸುಮ್ಮನೆ ಕುಂತವನನ್ನು ಎಬ್ಬಿಸುವುದು ಸಲೀಸಲ್ಲ. ಕೀಲಿ ಒತ್ತದಿದ್ದರೂ ಅವನ ಲೆಕ್ಕ ಒಳಗ ಓಡುತ್ತಿರಬಹುದು. ಬದುವಿನ ಮ್ಯಾಲ ಮಲಗಿದ ರೈತನ ನೀರು ಹೊಲದಾಗ ಹರಿದಂಗ. ಸಂಪರ್ಕ ಕಡಿದರ ಆ ಕೆಲಸವೂ ಕೆಡುತ್ತದೆ. ಅದಕ್ಕಂತಲೇ ಮುಂದ ಯುನಿಕ್ಸ್‌ನಲ್ಲಿ ‘ನೋಹಪ್’ ಎಂಬ ಆಜ್ಞೆ ಬಂತು: ಮನುಷ್ಯ ಎದ್ದು ಹೋದರೂ ಕೆಲಸ ನಿಲ್ಲದು. 1979ರ ಏಳನೆಯ ಆವೃತ್ತಿಯ ‘ಕ್ರಾನ್’ ಅಂತೂ ಮನುಷ್ಯನ ದಾರಿಯನ್ನೇ ಕಾಯಲಿಲ್ಲ. ನಿಮಿಷಕ್ಕೊಮ್ಮೆ ಎಚ್ಚರಾಗಿ ಪಟ್ಟಿ ನೋಡಿ, ಹೊತ್ತಾದ ಕೆಲಸ ಹಚ್ಚುತ್ತಿತ್ತು. ನಡುರಾತ್ರಿ ಕರೆಂಟ್ ಬಂದಾಗ ಮೋಟರ್ ಹಚ್ಚಲು ಓಡುವ ನನಗ, ಇವೆಲ್ಲದರೊಳಗ ದೊಡ್ಡದಾಗಿ ಕಾಣುವುದು ಈ ಕ್ರಾನ್.