ಮೂರು ಸೋತವರಿಗೆ ಕಪ್, ಒಂದು ಸೋತವರಿಗೆ ಮನೆ

ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರಿಗೆ ಬೇಸ್‌ಬಾಲ್ ಅಂದ್ರೆ ಮೊದಮೊದಲು ನಗು ಬರತ್ತೆ. ಹಿಂದಕ್ಕೆ ಹೊಡೆದರೆ ಲೆಕ್ಕಕ್ಕಿಲ್ಲ, ಓಡುವಾಗ ಬ್ಯಾಟು ಬಿಸಾಕಿ ಓಡಬೇಕು, ಎಲ್ಲರ ಕೈಯಲ್ಲೂ ಗ್ಲೌಸು... ನಾನೂ ಹಾಗೆ ನಕ್ಕವನೇ. ಆ ನಗು ನಿಂತಿದ್ದು 2006ರ ಮಾರ್ಚ್‌ನಲ್ಲಿ. ಆಗ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದೆ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಕೊರಿಯಾದವನು. ಮಾತು ಕಮ್ಮಿ, ಕೆಲಸದಲ್ಲಿ ಗಟ್ಟಿಗ. ಅಂಥವನು ಎರಡು ವಾರ ಕೆಲಸಾನೇ ಮಾಡಲಿಲ್ಲ :)

ಕಾರಣ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್. ಮೇಜರ್ ಲೀಗ್‌ನ ದೊಡ್ಡ ಆಟಗಾರರೆಲ್ಲ ತಂತಮ್ಮ ದೇಶದ ಅಂಗಿ ಹಾಕಿಕೊಂಡು ಆಡಿದ ಮೊದಲ ಟೂರ್ನಿ ಅದು. ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಇತ್ತು ನಿಜ, ಆದರೆ ಮೇಜರ್ ಲೀಗಿನವರು ಅಲ್ಲಿಗೆ ಬರುತ್ತಿರಲಿಲ್ಲ. ಅದೂ ಅಲ್ಲದೆ 2012ರಿಂದ ಈ ಆಟ ಬೇಡ ಅಂತ ಒಲಿಂಪಿಕ್ ಸಮಿತಿ 2005ರಲ್ಲೇ ತೀರ್ಮಾನ ಮಾಡಿಬಿಟ್ಟಿತ್ತು. ಹಾಗಾಗಿ ಹದಿನಾರು ದೇಶಗಳ ಈ ಟೂರ್ನಿ. ಕ್ಯೂಬಾ ಬರೋದೇ ಅನುಮಾನ ಆಗಿತ್ತು. ಅಮೆರಿಕದ ಖಜಾನೆ ಇಲಾಖೆ ಮೊದಲು ಅನುಮತಿ ನಿರಾಕರಿಸಿತು. ಗೆದ್ದ ಹಣವನ್ನು ಕತ್ರಿನಾ ಚಂಡಮಾರುತದ ಸಂತ್ರಸ್ತರಿಗೆ ಕೊಡ್ತೀವಿ ಅಂತ ಕ್ಯೂಬಾ ಹೇಳಿತು, ಕೊನೆಗೆ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ನನ್ನ ಸಹೋದ್ಯೋಗಿಗೆ ಕ್ಯೂಬಾ, ಅಮೆರಿಕ ಯಾವುದೂ ಬೇಕಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಎದುರಾಳಿ, ಜಪಾನ್. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು ಅಂತ ಪುಸ್ತಕದಲ್ಲಿ ಓದಿದ್ದೆ, ಅಷ್ಟೇ. ಅವನ ಅಜ್ಜನಿಗೆ ಶಾಲೆಯಲ್ಲಿ ಜಪಾನೀ ಹೆಸರಿಟ್ಟಿದ್ದರಂತೆ. ಮನೆಯಲ್ಲಿ ಆ ಹೆಸರನ್ನ ಯಾರೂ ಎತ್ತುತ್ತಿರಲಿಲ್ಲವಂತೆ. ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಇದನ್ನ ಹೇಳಿದ, ಹೇಳಿ ತಟ್ಟೆ ಎತ್ತಿಕೊಂಡು ಹೋದ.

ಟೂರ್ನಿಗೆ ಮೊದಲೇ ಜಪಾನಿನ ಇಚಿರೋ ಸುಜುಕಿ ಒಂದು ಮಾತು ಆಡಿದ್ದ. ಇನ್ನು ಮೂವತ್ತು ವರ್ಷ ಜಪಾನನ್ನ ಸೋಲಿಸೋಕಾಗಲ್ಲ ಅಂತ ಎದುರಾಳಿಗಳಿಗೆ ಅನ್ನಿಸೋ ಹಾಗೆ ಗೆಲ್ಲಬೇಕು ಅನ್ನೋ ಅರ್ಥದ ಮಾತು. ಯಾವ ದೇಶದ ಹೆಸರನ್ನೂ ಹೇಳಿರಲಿಲ್ಲ, ಆದರೆ ಕೊರಿಯಾದವರು ಅದನ್ನ ತಮಗೇ ಅಂತ ತಗೊಂಡರು. ಮಾರ್ಚ್ 5ರಂದು ಟೋಕಿಯೋ ಡೋಮ್‌ನಲ್ಲಿ, ಜಪಾನಿನವರ ತವರಲ್ಲೇ, ಕೊರಿಯಾ 3-2ರಿಂದ ಗೆದ್ದಿತು. ಎಂಟನೇ ಇನ್ನಿಂಗ್ಸ್‌ನಲ್ಲಿ ಲೀ ಸೂಂಗ್-ಯೊಪ್ ಹೊಡೆದ ಹೋಂ ರನ್‌ನಿಂದ. ತಮಾಷೆ ಅಂದ್ರೆ ಆಗ ಅವನು ಹೊಟ್ಟೆಪಾಡಿಗೆ ಆಡ್ತಾ ಇದ್ದದ್ದು ಜಪಾನಿನ ಲೀಗ್‌ನಲ್ಲೇ!

ಎರಡನೇ ಸುತ್ತು ಅನಾಹೈಮ್‌ನಲ್ಲಿ. ಮಾರ್ಚ್ 12ಕ್ಕೆ ಜಪಾನ್-ಅಮೆರಿಕ. ಸ್ಕೋರು 3-3, ಎಂಟನೇ ಇನ್ನಿಂಗ್ಸ್. ಜಪಾನಿನ ನಿಶಿಯೋಕಾ ಮೂರನೇ ಬೇಸ್‌ನಲ್ಲಿದ್ದಾನೆ, ಬ್ಯಾಟ್ ಹಿಡಿದವನು ಲೆಫ್ಟ್ ಫೀಲ್ಡಿಗೆ ಎತ್ತಿ ಹೊಡೆದ, ಕ್ಯಾಚ್ ಆಯ್ತು. ಕ್ರಿಕೆಟ್ಟಿನವರಿಗೆ ಇದನ್ನ ಬಿಡಿಸಿ ಹೇಳಬೇಕು. ಕ್ಯಾಚ್ ಆದ ಮೇಲೆ ಬೇಸ್ ಬಿಟ್ಟು ಓಡಿ ಮನೆ ಮುಟ್ಟಿದರೆ ರನ್ ಸಿಗತ್ತೆ, ಚೆಂಡು ಕೈಗೆ ಬೀಳೋ ಮೊದಲೇ ಕಾಲು ತೆಗೆದರೆ ಔಟ್. ಎರಡನೇ ಬೇಸ್‌ನ ಅಂಪೈರ್ ಸರಿ ಅಂದ, ರನ್ ಬಂತು. ಅಮೆರಿಕದ ಮ್ಯಾನೇಜರ್ ಬಂದು ಮಾತಾಡಿದ ಮೇಲೆ ಮನೆ ಹತ್ತಿರದ ಮುಖ್ಯ ಅಂಪೈರ್ ಬಾಬ್ ಡೇವಿಡ್ಸನ್, ಅವನೂ ಅಮೆರಿಕದವನೇ, ಬೇಗ ಓಡಿದ ಅಂತ ಔಟ್ ಕೊಟ್ಟ. ರೀಪ್ಲೇಯಲ್ಲಿ ನೋಡಿದ ನಮಗೆ ಹಾಗೇನೂ ಕಾಣಲಿಲ್ಲ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಅಲೆಕ್ಸ್ ರೋಡ್ರಿಗೆಜ್ ಹೊಡೆದು ಅಮೆರಿಕ 4-3ರಿಂದ ಗೆದ್ದಿತು.

ಆವತ್ತು ಮೈದಾನಕ್ಕಿಳಿದು ಅಂಪೈರ್ ಜೊತೆ ವಾದ ಮಾಡಿದ ಜಪಾನಿನ ಮ್ಯಾನೇಜರ್ ಸದಾಹಾರು ಓಹ್. ಟೀವಿಯಲ್ಲಿ ಅವರ ಮುಖ ನೋಡಿದ ಮೇಲೆ ಅವರ ಬಗ್ಗೆ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ರಾತ್ರಿ ಎರಡಾಯ್ತು. ಜಪಾನಿನ ಲೀಗ್‌ನಲ್ಲಿ 868 ಹೋಂ ರನ್ ಹೊಡೆದವರು. ಮೇಜರ್ ಲೀಗ್ ದಾಖಲೆಯೇ 762. ಬಲಗಾಲು ಎತ್ತಿ ಕೊಕ್ಕರೆ ಥರ ಒಂಟಿಕಾಲಲ್ಲಿ ನಿಂತು ಹೊಡೀತಿದ್ದರು. ಹುಟ್ಟಿದ್ದು 1940ರಲ್ಲಿ, ಟೋಕಿಯೋದಲ್ಲೇ. ತಾಯಿ ಜಪಾನಿನವರು, ತಂದೆ ಚೀನಾದಿಂದ ಬಂದು ಟೋಕಿಯೋದಲ್ಲಿ ಸಣ್ಣ ಹೋಟೆಲ್ ಇಟ್ಟಿದ್ದವರು. ತಂದೆಯ ಪೌರತ್ವವೇ ಮಗನಿಗೂ. 1957ರಲ್ಲಿ ಓಹ್ ಎಸೆದು ಎಸೆದು ತಮ್ಮ ಹೈಸ್ಕೂಲನ್ನ ರಾಷ್ಟ್ರಮಟ್ಟದ ವಸಂತ ಟೂರ್ನಿಯಲ್ಲಿ ಗೆಲ್ಲಿಸಿದರು (ಆಗ ಅವರು ಪಿಚ್ಚರ್!). ಅದೇ ವರ್ಷದ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಶಾಲೆಯ ತಂಡ ಹೋಯ್ತು, ಇವರಿಗೆ ಮಾತ್ರ ಆಡೋಕೆ ಬಿಡಲಿಲ್ಲ. ನೀನು ಜಪಾನಿನ ಪ್ರಜೆ ಅಲ್ಲ ಅಂತ. ಆಮೇಲೂ ಅವರು ಪೌರತ್ವ ಬದಲಾಯಿಸಲಿಲ್ಲ. ಅಂಥವರು 49 ವರ್ಷದ ಮೇಲೆ ಜಪಾನ್ ಅಂತ ಬರೆದ ಅಂಗಿ ಹಾಕಿಕೊಂಡು, ಜಪಾನಿಗೆ ಅನ್ಯಾಯ ಆಯ್ತು ಅಂತ ಅಂಪೈರ್ ಜೊತೆ ಜಗಳ ಆಡ್ತಿದ್ದರು.

ಇದನ್ನ ಮಾರನೇ ದಿನ ಸಹೋದ್ಯೋಗಿಗೆ ಉತ್ಸಾಹದಿಂದ ಹೇಳಿದರೆ, "ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತು" ಅಂದುಬಿಟ್ಟ.

ಮಾರ್ಚ್ 15ಕ್ಕೆ ಮತ್ತೆ ಕೊರಿಯಾ-ಜಪಾನ್. ಮತ್ತೆ ಎಂಟನೇ ಇನ್ನಿಂಗ್ಸ್, ಲೀ ಜೊಂಗ್-ಬೊಮ್ ಹೊಡೆದು ಎರಡು ರನ್, ಕೊರಿಯಾ 2-1. ಗೆದ್ದವರು ಪಿಚ್ಚರ್ ನಿಲ್ಲೋ ದಿಬ್ಬದ ಮೇಲೆ ತಮ್ಮ ಬಾವುಟ ನೆಟ್ಟರು. ಸೆಮಿಫೈನಲ್ ತಲುಪಿದ್ದಕ್ಕೆ, ಕಡ್ಡಾಯ ಸೇನಾ ಸೇವೆ ಮುಗಿಸದ ಆಟಗಾರರಿಗೆ ಕೊರಿಯಾ ಸರ್ಕಾರ ವಿನಾಯಿತಿ ಕೊಟ್ಟಿತು. ನಮ್ಮವನು ಆವತ್ತು ಇಡೀ ಫ್ಲೋರಿಗೆ ಡೋನಟ್ ಹಂಚಿದ. ಜಪಾನಿನ ಕಥೆ ಮುಗೀತು ಅಂತಲೇ ಎಲ್ಲರ ಲೆಕ್ಕ.

ಮುಗಿಯಲಿಲ್ಲ. ಮಾರ್ಚ್ 16ಕ್ಕೆ ಅಮೆರಿಕ-ಮೆಕ್ಸಿಕೋ, ಗೆದ್ದರೆ ಅಮೆರಿಕ ಸೆಮಿಫೈನಲ್‌ಗೆ. ಎರಡೂ ಪಂದ್ಯ ಸೋತಿದ್ದ ಮೆಕ್ಸಿಕೋದವರು ಹಿಂದಿನ ದಿನ ಪಕ್ಕದ ಡಿಸ್ನಿಲ್ಯಾಂಡ್ ನೋಡೋಕೆ ಹೋಗಿದ್ದರಂತೆ! ಆ ಪಂದ್ಯದಲ್ಲೂ ಅದೇ ಡೇವಿಡ್ಸನ್. ಕಂಬಕ್ಕೆ ಬಡಿದ ಹೋಂ ರನ್ನನ್ನ ಹೋಂ ರನ್ ಅಲ್ಲ ಅಂದ. ಮೆಕ್ಸಿಕೋದವರು ಚೆಂಡಿಗೆ ಮೆತ್ತಿದ ಕಂಬದ ಬಣ್ಣ ತೋರಿಸಿದರೂ ಕೇಳಲಿಲ್ಲ. ಆದರೂ ರೋಜರ್ ಕ್ಲೆಮೆನ್ಸ್ ಎದುರು ಮೆಕ್ಸಿಕೋ 2-1ರಿಂದ ಗೆದ್ದಿತು. ಮೂರು ದೇಶಗಳಿಗೂ ಒಂದೊಂದು ಗೆಲುವು. ನಮ್ಮ ನೆಟ್ ರನ್ ರೇಟ್ ಥರದ ಲೆಕ್ಕ ಶುರುವಾಯ್ತು, ಈ ಮೂವರ ನಡುವಿನ ಪಂದ್ಯಗಳಲ್ಲಿ ಯಾರು ಎಷ್ಟು ರನ್ ಬಿಟ್ಟುಕೊಟ್ಟರು ಅಂತ. ಮೆಕ್ಸಿಕೋ 7. ಅಮೆರಿಕ 5, ಜಪಾನೂ 5. ಅಮೆರಿಕ ಅದನ್ನ ಬಿಟ್ಟುಕೊಟ್ಟಿದ್ದು 17 ಇನ್ನಿಂಗ್ಸ್‌ನಲ್ಲಿ, ಜಪಾನ್ ಹದಿನೇಳೂ ಮೂರನೇ ಎರಡರಲ್ಲಿ. ಆ ಮೂರನೇ ಎರಡು, ಅಂದರೆ ಎರಡೇ ಔಟು, ಬಂದದ್ದು ಎಲ್ಲಿಂದ ಗೊತ್ತಾ? ಅಂಪೈರ್ ಕೆಡಿಸಿದ ಅದೇ ಪಂದ್ಯದ ಕೊನೆಯ ಇನ್ನಿಂಗ್ಸ್‌ನಿಂದ! ಸೋಲುವ ಮೊದಲು ಜಪಾನ್ ತೆಗೆದಿದ್ದ ಎರಡು ಔಟು.

ಸೆಮಿಫೈನಲ್‌ನಲ್ಲಿ ಒಂದೇ ಗುಂಪಿನ ಇಬ್ಬರೇ ಮತ್ತೆ ಎದುರಾಗೋ ವಿಚಿತ್ರ ನಿಯಮ. ನನ್ನ ಕೇಳಿದರೆ ಇದು ಪೆದ್ದು ನಿಯಮ, ಈಗಲೂ ಹಾಗೇ ಹೇಳ್ತೀನಿ. ಮಾರ್ಚ್ 18, ಶನಿವಾರ, ಸ್ಯಾನ್ ಡಿಯಾಗೋ. ಆರು ಇನ್ನಿಂಗ್ಸ್ 0-0. ಏಳನೆಯದರಲ್ಲಿ, ಫಾರ್ಮ್ ಇಲ್ಲ ಅಂತ ಹೊರಗೆ ಕೂರಿಸಿದ್ದ ಫುಕುದೊಮೆಯನ್ನ ಓಹ್ ಬದಲಿಯಾಗಿ ಕಳಿಸಿದರು. ಅವನು ಹೋಂ ರನ್ ಹೊಡೆದ. ಆ ಇನ್ನಿಂಗ್ಸ್‌ನಲ್ಲೇ ಐದು ರನ್, ಕೊನೆಗೆ 6-0. ಆರು ಪಂದ್ಯ ಆಡಿ ಆರೂ ಗೆದ್ದಿದ್ದ ಕೊರಿಯಾ ಒಂದೇ ಸೋಲಿಗೆ ಮನೆಗೆ.

ಸೋಮವಾರ ಫೈನಲ್. ಜಪಾನ್ 10, ಕ್ಯೂಬಾ 6. ಒಟ್ಟು ಐದು ಗೆದ್ದು ಮೂರು ಸೋತವರು ಚಾಂಪಿಯನ್. ಬರಲ್ಲ ಅಂದುಕೊಂಡಿದ್ದೆ, ನನ್ನ ಕೊರಿಯಾದವನು ನನ್ನ ಅಪಾರ್ಟ್‌ಮೆಂಟಿಗೆ ಬಂದ. ಕ್ಯೂಬಾ 6-5ಕ್ಕೆ ಹತ್ತಿರ ಬಂದಾಗ ಎದ್ದು ನಿಂತ, ಜಪಾನ್ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮತ್ತೆ ನಾಲ್ಕು ಹೊಡೆದಾಗ ಕೂತ. ಆಟಗಾರರೆಲ್ಲ ಸೇರಿ ಓಹ್ ಅವರನ್ನ ಗಾಳಿಗೆ ಎಸೆದು ಹಿಡೀತಿದ್ದರು. ಟೀವಿ ಆಫ್ ಮಾಡಲಾ ಅಂತ ಕೇಳಿದೆ. ಬೇಡ, ಆ ಮುದುಕ ಕೆಳಗೆ ಇಳೀಲಿ ಅಂದ.

2009ರಲ್ಲಿ ಇಬ್ಬರೂ ಒಂದೇ ಟೂರ್ನಿಯಲ್ಲಿ ಐದು ಸಲ ಆಡಿದರು. ಅಷ್ಟು ಹೊತ್ತಿಗೆ ನಾನು ಬೆಂಗಳೂರಿಗೆ ವಾಪಸ್ ಬಂದಾಗಿತ್ತು. ನಾಲ್ಕರಲ್ಲಿ ಎರಡೆರಡು ಗೆಲುವು, ಐದನೆಯದು ಫೈನಲ್, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಎರಡು ಔಟ್ ಆದ ಮೇಲೆ ಕೊರಿಯಾ 3-3 ಮಾಡಿತು. ಹತ್ತನೆಯದರಲ್ಲಿ, ಅದೂ ಎರಡು ಔಟ್ ಆದ ಮೇಲೆ, ಬ್ಯಾಟ್ ಹಿಡಿದು ಬಂದವನು ಇಚಿರೋ. ಎರಡು ರನ್. ಜಪಾನ್ 5-3.

ಸ್ಟೇಡಿಯಂಗೆ ಹೋಗಿದ್ದ ಅವನಿಂದ ಆ ರಾತ್ರಿಯೇ ಮೇಲ್ ಬಂತು. ಒಂದೇ ಸಾಲು: ಮೂವತ್ತು ವರ್ಷದಲ್ಲಿ ಮೂರು ಕಳೀತು, ಇನ್ನು ಇಪ್ಪತ್ತೇಳು ಬಾಕಿ.